ಅಂಕಿ ನೋಡಿ ಸಂಶೋಧನೆ ಅಳೆಯುವ ಮುನ್ನ: ಆಯ್ಕೆ ಸಮಿತಿಯವರಿಗೊಂದು ಮಾರ್ಗದರ್ಶಿ

ನೇಮಕಾತಿ, ಬಡ್ತಿ, ಅನುದಾನ – ಯಾವ ಸಮಿತಿಯಲ್ಲಿ ಕೂತರೂ ಒಂದು ಕಷ್ಟ ತಪ್ಪಿದ್ದಲ್ಲ. ಅರ್ಜಿಗಳು ಜಾಸ್ತಿ, ಸಮಯ ಕಡಿಮೆ. ಒಬ್ಬೊಬ್ಬರ ಪಟ್ಟಿಯಲ್ಲೂ ಮೂವತ್ತು, ನಲವತ್ತು ಪೇಪರ್‌ಗಳು. ಅದರಲ್ಲಿ ಎಷ್ಟೋ ನಮ್ಮ ವಿಷಯಕ್ಕೆ ಸೇರಿದ್ದೇ ಅಲ್ಲ. ಎಲ್ಲವನ್ನೂ ಕೂತು ಓದಲು ಆಗುವುದಿಲ್ಲ. ಹಾಗಾಗಿ ಕಣ್ಣು ಸೀದಾ ಅಂಕಿಗಳ ಕಡೆ ಹೋಗುತ್ತದೆ: ಸೈಟೇಶನ್ (ಬೇರೆ ಪೇಪರ್‌ಗಳಲ್ಲಿ ಬಂದ ಉಲ್ಲೇಖ) ಎಷ್ಟು, ಪೇಪರ್ ಮತ್ತು ಸೈಟೇಶನ್ ಎರಡನ್ನೂ ಸೇರಿಸಿ ಒಬ್ಬರಿಗೆ ಲೆಕ್ಕ ಹಾಕುವ ಎಚ್-ಇಂಡೆಕ್ಸ್ ಎಷ್ಟು, ಜರ್ನಲ್‌ನ ಲೇಖನಗಳಿಗೆ ಬಂದ ಸೈಟೇಶನ್‌ಗಳ ಸರಾಸರಿಯಾದ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು.

ಅಂಕಿ ನೋಡುವುದು ತಪ್ಪೇನಲ್ಲ. ಗುಂಪುಗಾರಿಕೆ, ಪರಿಚಯ, ಶಿಫಾರಸು ಇವೆಲ್ಲ ಕೆಲಸ ಮಾಡುವ ಕಡೆ ಒಂದಿಷ್ಟು ಅಂಕಿ ಕೈಯಲ್ಲಿದ್ದರೆ ಒಳ್ಳೆಯದೇ. ಆದರೆ ಅಂಕಿಯನ್ನೇ ತೀರ್ಪು ಅಂದುಕೊಂಡರೆ ಒಬ್ಬರ ಹತ್ತಾರು ವರ್ಷಗಳ ದುಡಿಮೆಗೆ ಅನ್ಯಾಯ ಆಗುತ್ತದೆ. ನನ್ನ ನಿಲುವು ಇಷ್ಟೇ: ಅಂಕಿಗಳು ಪ್ರಶ್ನೆ ಎತ್ತಲಿ, ಉತ್ತರವನ್ನು ಪೇಪರ್ ಓದಿದವರು ಕೊಡಲಿ. ಇದನ್ನು ಕೆಲಸಕ್ಕೆ ಇಳಿಸುವುದು ಹೇಗೆ ಎಂದು ಹಂತ ಹಂತವಾಗಿ ನೋಡೋಣ.

ಹಂತ 1: ಏನನ್ನು ತಿಳಿಯಬೇಕು ಎಂದು ಮೊದಲು ಬರೆದುಕೊಳ್ಳಿ

ಅರ್ಜಿಗಳನ್ನು ತೆರೆಯುವ ಮೊದಲೇ ಈ ಕೆಲಸ ಮುಗಿಯಬೇಕು. ಒಬ್ಬ ವ್ಯಕ್ತಿಯನ್ನು ಅಳೆಯುತ್ತಿದ್ದೀರಾ, ಒಂದು ಪೇಪರನ್ನಾ, ಒಂದು ವಿಭಾಗವನ್ನಾ, ಅಥವಾ ಗ್ರಂಥಾಲಯಕ್ಕೆ ತರಿಸಬೇಕಾದ ಜರ್ನಲನ್ನಾ? ನಾಲ್ಕಕ್ಕೂ ಬೇರೆ ಬೇರೆ ಅಂಕಿ ಬೇಕು. ಒಂದಕ್ಕೆ ಮಾಡಿದ್ದನ್ನು ಇನ್ನೊಂದಕ್ಕೆ ಹಚ್ಚಿದಾಗಲೇ ಹೆಚ್ಚಿನ ಎಡವಟ್ಟುಗಳು ಆಗುವುದು.

ಆಮೇಲೆ, ನಿಮಗೆ ಬೇಕಾದ ಗುಣ ಯಾವುದು ಎಂದು ಸರಳ ಮಾತಿನಲ್ಲಿ ಬರೆಯಿರಿ. "ಸ್ವತಂತ್ರವಾಗಿ ಸಂಶೋಧನೆ ನಡೆಸಬಲ್ಲವರು", "ಹೊಸ ವಿಧಾನಗಳನ್ನು ಕಟ್ಟಿದವರು", "ವಿದ್ಯಾರ್ಥಿಗಳನ್ನು ಬೆಳೆಸಿದವರು" – ಹೀಗೆ. ಪ್ರತಿ ಗುಣದ ಎದುರು, ಅದನ್ನು ಯಾವುದರಿಂದ ತಿಳಿಯುತ್ತೀರಿ ಎಂದೂ ಬರೆಯಿರಿ. ಬರೆಯಲು ಕೂತಾಗ ಗೊತ್ತಾಗುತ್ತದೆ, ಅರ್ಧಕ್ಕಿಂತ ಜಾಸ್ತಿ ಗುಣಗಳಿಗೆ ಯಾವ ಸೈಟೇಶನ್ ಅಂಕಿಯೂ ಉತ್ತರ ಕೊಡುವುದಿಲ್ಲ ಎಂದು. ವಿದ್ಯಾರ್ಥಿಗಳನ್ನು ಬೆಳೆಸಿದ್ದಕ್ಕೆ ಎಚ್-ಇಂಡೆಕ್ಸ್ ಏನು ಹೇಳೀತು?

ಹಂತ 2: ಒಂದೇ ಮೂಲದಿಂದ, ಒಂದೇ ದಿನ ಅಂಕಿ ತೆಗೆಯಿರಿ

ಒಬ್ಬರು ಅರ್ಜಿಯಲ್ಲಿ ಗೂಗಲ್ ಸ್ಕಾಲರ್‌ನ ಅಂಕಿ ಕೊಡುತ್ತಾರೆ, ಇನ್ನೊಬ್ಬರು ಸ್ಕೋಪಸ್‌ನದ್ದು, ಮತ್ತೊಬ್ಬರು ವೆಬ್ ಆಫ್ ಸೈನ್ಸ್‌ನದ್ದು. ಮೂರೂ ಪೇಪರ್‌ಗಳನ್ನೂ ಅವುಗಳ ಸೈಟೇಶನ್‌ಗಳನ್ನೂ ಪಟ್ಟಿ ಮಾಡುವ ದತ್ತಾಂಶ ಕೋಶಗಳು. ಮೂರರ ಅಂಕಿಗಳನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದರೆ ಅದು ಹೋಲಿಕೆಯೇ ಅಲ್ಲ. ಒಬ್ಬರೇ ಸಂಶೋಧಕರಿಗೆ ಈ ಮೂರು ಕಡೆ ಮೂರು ಅಂಕಿ ಸಿಗುತ್ತವೆ. ಸಾಮಾನ್ಯವಾಗಿ ಗೂಗಲ್ ಸ್ಕಾಲರ್‌ನದ್ದೇ ದೊಡ್ಡದು. ಅದು ಪಿಎಚ್‌.ಡಿ. ಪ್ರಬಂಧ, ಪ್ರಿಪ್ರಿಂಟ್ (ಜರ್ನಲ್‌ನ ಪರಿಶೀಲನೆಗೆ ಮೊದಲೇ ಹೊರಬಿಟ್ಟ ಪೇಪರ್), ಪುಸ್ತಕ, ವರದಿ ಎಲ್ಲದರಲ್ಲೂ ಬಂದ ಉಲ್ಲೇಖಗಳನ್ನು ಎಣಿಸುತ್ತದೆ. ಉಳಿದೆರಡು ತಾವು ಆರಿಸಿಕೊಂಡ ಜರ್ನಲ್ ಮತ್ತು ಪುಸ್ತಕಗಳ ಪಟ್ಟಿಯೊಳಗೆ ಮಾತ್ರ ಎಣಿಸುತ್ತವೆ.

ಯಾವುದು ಸರಿ ಎಂದು ಕೇಳಬೇಡಿ. ನಿಮ್ಮ ವಿಷಯಕ್ಕೆ ಯಾವುದು ಹೊಂದುತ್ತದೆ ಎಂದು ಕೇಳಿ. ಜೀವವಿಜ್ಞಾನ, ವೈದ್ಯಕೀಯದಂಥ ವಿಷಯಗಳಲ್ಲಿ ಸ್ಕೋಪಸ್, ವೆಬ್ ಆಫ್ ಸೈನ್ಸ್ ಎರಡೂ ಚೆನ್ನಾಗಿ ಕೆಲಸಕ್ಕೆ ಬರುತ್ತವೆ. ಇತಿಹಾಸ, ಸಾಹಿತ್ಯ, ಕಾನೂನಿನಂಥ ವಿಷಯಗಳಲ್ಲಿ ಮುಖ್ಯ ಕೆಲಸವೆಲ್ಲ ಪುಸ್ತಕದಲ್ಲಿ ಇರುತ್ತದೆ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಬರೆಯುವವರೂ ಅಲ್ಲಿ ಜಾಸ್ತಿ. ಈ ಕೆಲಸದ ದೊಡ್ಡ ಪಾಲು ಈ ಪಟ್ಟಿಗಳಿಗೆ ಬರುವುದೇ ಇಲ್ಲ. ಅಲ್ಲಿ ಸೈಟೇಶನ್ ಕಡಿಮೆ ಇದೆ ಎಂದರೆ ಯಾರೂ ಓದಿಲ್ಲ ಎಂದಲ್ಲ, ಎಣಿಸುವವರು ಆ ಕಡೆ ಹೋಗಿಲ್ಲ ಎಂದಷ್ಟೇ. ಚಂದಾ ಕಟ್ಟಲು ಹಣವಿಲ್ಲದ ಸಂಸ್ಥೆಗಳು 2022ರಲ್ಲಿ ಶುರುವಾದ, ಇಂಥದ್ದೇ ಕೋಶವಾದ ಓಪನ್‌ಅಲೆಕ್ಸ್ ಬಳಸಬಹುದು. ಅದರ ದತ್ತಾಂಶ ಎಲ್ಲರಿಗೂ ಮುಕ್ತ. ಅದರಲ್ಲೂ ಹೆಸರು ಕಲಸಿಹೋಗುವ ತೊಂದರೆ ಇದೆ, ಹಾಗಾಗಿ ಪರಿಶೀಲನೆ ತಪ್ಪಿಸುವಂತಿಲ್ಲ.

ಹೆಸರಿನ ವಿಷಯಕ್ಕೆ ಬಂದರೆ, ಇದು ತೀರಾ ಸಾಮಾನ್ಯವಾಗಿ ಆಗುವ ತಪ್ಪು. ಒಂದೇ ಹೆಸರು, ಒಂದೇ ಇನಿಶಿಯಲ್ ಇರುವ ಇಬ್ಬರ ಪೇಪರ್‌ಗಳು ಒಂದೇ ಪ್ರೊಫೈಲ್‌ಗೆ ಬಂದು ಕೂರುತ್ತವೆ. ಇಲ್ಲವೇ, ಒಬ್ಬರದ್ದೇ ಕೆಲಸ ಹೆಸರಿನ ಕಾಗುಣಿತ ಬದಲಾದ ಕಾರಣಕ್ಕೆ ಎರಡು ಪ್ರೊಫೈಲ್‌ಗಳಲ್ಲಿ ಹಂಚಿಹೋಗಿರುತ್ತದೆ. ಮದುವೆಯಾದ ಮೇಲೆ ಹೆಸರು ಬದಲಿಸಿದವರಿಗಂತೂ ಇದು ದೊಡ್ಡ ನಷ್ಟ. 2012ರಿಂದ ಇರುವ ಆರ್ಕಿಡ್ ಎಂಬ 16 ಅಂಕಿಯ ಗುರುತು ಸಂಖ್ಯೆ ಇದಕ್ಕೆಂದೇ ಬಂದದ್ದು. ಅರ್ಜಿದಾರರಿಂದ ಆರ್ಕಿಡ್ ಸಂಖ್ಯೆ ಪಡೆಯಿರಿ. ಪ್ರೊಫೈಲ್‌ನಲ್ಲಿರುವ ಪಟ್ಟಿಯನ್ನು ಅರ್ಜಿಯಲ್ಲಿರುವ ಪಟ್ಟಿಯ ಪಕ್ಕ ಇಟ್ಟು ಒಮ್ಮೆ ತಾಳೆ ನೋಡಿ. ಅಂಕಿ ತೆಗೆದ ಮೂಲ, ತಾರೀಖು ಎರಡನ್ನೂ ಮೇಲೆ ಬರೆದಿಡಿ.

ಹಂತ 3: ಜರ್ನಲ್‌ನ ಅಂಕಿಯನ್ನು ಮನುಷ್ಯರ ಮೇಲೆ ಹಾಕಬೇಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಜಾಸ್ತಿ ಅನ್ಯಾಯ ಆಗುವುದು ಇಲ್ಲೇ.

ಇಂಪ್ಯಾಕ್ಟ್ ಫ್ಯಾಕ್ಟರ್‌ನ ಹಿಂದಿರುವವರು ಯೂಜೀನ್ ಗಾರ್‌ಫೀಲ್ಡ್. 1955ರಲ್ಲಿ ಅವರು ಸೈಟೇಶನ್‌ಗಳ ಸೂಚಿ ಮಾಡುವ ಯೋಚನೆಯನ್ನು ಮುಂದಿಟ್ಟರು. 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹೊರಬಂತು. ಆ ಸೂಚಿಗೆ ಯಾವ ಜರ್ನಲ್‌ಗಳನ್ನು ಸೇರಿಸಬೇಕು ಎಂದು ಆರಿಸಲು ಒಂದು ಅಳತೆ ಬೇಕಿತ್ತು. ಗಾರ್‌ಫೀಲ್ಡ್ ಮತ್ತು ಅವರ ಜೊತೆಗಾರ ಅರ್ವಿಂಗ್ ಶೇರ್ ಅದಕ್ಕಾಗಿ ಇಂಪ್ಯಾಕ್ಟ್ ಫ್ಯಾಕ್ಟರ್ ಮಾಡಿದರು. ಅಂದರೆ ಇದು ಹುಟ್ಟಿದ್ದು ಜರ್ನಲ್‌ಗಳಿಗಾಗಿ. ಒಬ್ಬ ಸಂಶೋಧಕನಿಗೆ ಕೆಲಸ ಕೊಡಬೇಕೋ ಬೇಡವೋ ಎಂದು ಹೇಳುವುದಕ್ಕಲ್ಲ.

ಲೆಕ್ಕ ಸುಲಭ. ಒಂದು ಜರ್ನಲ್ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ್ದಕ್ಕೆ ಈ ವರ್ಷ ಎಷ್ಟು ಸೈಟೇಶನ್ ಬಂದವು ಎಂದು ಎಣಿಸಿ. ಅದನ್ನು ಆ ಎರಡು ವರ್ಷಗಳ ಸಂಶೋಧನಾ ಲೇಖನ ಮತ್ತು ವಿಮರ್ಶಾ ಲೇಖನಗಳ (ಒಂದು ವಿಷಯದ ಮೇಲೆ ಈವರೆಗೆ ಬಂದ ಕೆಲಸವನ್ನು ಒಟ್ಟು ಮಾಡಿ ಹೇಳುವ ಲೇಖನಗಳ) ಸಂಖ್ಯೆಯಿಂದ ಭಾಗಿಸಿ. ಬಂದ ಸರಾಸರಿಯೇ ಇಂಪ್ಯಾಕ್ಟ್ ಫ್ಯಾಕ್ಟರ್. ಇದರಲ್ಲೇ ಒಂದು ಸಣ್ಣ ತೂತು ಇದೆ. ಮೇಲಿನ ಎಣಿಕೆಯಲ್ಲಿ ಸಂಪಾದಕೀಯ, ಪತ್ರ ಇಂಥವಕ್ಕೆ ಬಂದ ಸೈಟೇಶನ್‌ಗಳೂ ಸೇರುತ್ತವೆ. ಭಾಗಿಸುವ ಸಂಖ್ಯೆಯಲ್ಲಿ ಅವು ಸೇರುವುದಿಲ್ಲ.

ಆದರೆ ದೊಡ್ಡ ತೊಂದರೆ ಆ ತೂತಲ್ಲ, ಸರಾಸರಿಯೇ. ಸೈಟೇಶನ್‌ಗಳು ಯಾವತ್ತೂ ಸಮನಾಗಿ ಹಂಚಿಕೆಯಾಗುವುದಿಲ್ಲ. ನಾಲ್ಕಾರು ಪೇಪರ್‌ಗಳಿಗೆ ರಾಶಿ ರಾಶಿ ಬರುತ್ತವೆ, ಉಳಿದವಕ್ಕೆ ಬೆರಳೆಣಿಕೆಯಷ್ಟು. 2008ರಲ್ಲಿ ಆಕ್ಟಾ ಕ್ರಿಸ್ಟಲೋಗ್ರಾಫಿಕಾದ ಎ ವಿಭಾಗದಲ್ಲಿ ಜಾರ್ಜ್ ಶೆಲ್ಡ್ರಿಕ್ ಅವರ ಒಂದು ಲೇಖನ ಬಂತು. ಹರಳುಗಳ ರಚನೆ ಕಂಡುಹಿಡಿಯಲು ಬಳಸುವ ಶೆಲ್ಎಕ್ಸ್ ಎಂಬ ತಂತ್ರಾಂಶದ ಇತಿಹಾಸ ಅದು. ತಂತ್ರಾಂಶ ಬಳಸುವವರು ಈ ಲೇಖನವನ್ನು ಉಲ್ಲೇಖಿಸಿ ಎಂಬ ಮನವಿಯೂ ಅದರಲ್ಲಿತ್ತು. ಬಳಸುವವರು ಸಾವಿರಾರು ಜನ. ಎಲ್ಲರೂ ಉಲ್ಲೇಖಿಸಿದರು. ಸುಮಾರು 2 ಇದ್ದ ಆ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ 2009ರಲ್ಲಿ ಹೆಚ್ಚುಕಡಿಮೆ 50ಕ್ಕೆ ಹಾರಿತು. 2010ರಲ್ಲೂ 50ರ ಮೇಲೇ ಇತ್ತು. 2011ಕ್ಕೆ ಲೆಕ್ಕ ಹಾಕುವಾಗ 2008ರ ಲೇಖನ ಎರಡು ವರ್ಷದ ಕಿಟಕಿಯಿಂದ ಆಚೆ ಹೋಯಿತು. ಅಂಕಿ ಮತ್ತೆ 2ರ ಆಸುಪಾಸಿಗೆ ಇಳಿಯಿತು.

ಈಗ ಯೋಚಿಸಿ. ಆ ಎರಡು ವರ್ಷ ಅದೇ ಜರ್ನಲ್‌ನಲ್ಲಿ ಪೇಪರ್ ಪ್ರಕಟಿಸಿದವರು ಒಮ್ಮೆಲೇ ಇಪ್ಪತ್ತೈದು ಪಟ್ಟು ಒಳ್ಳೆಯ ಸಂಶೋಧಕರಾಗಿಬಿಟ್ಟರಾ? 2011ರಲ್ಲಿ ಮತ್ತೆ ಕೆಟ್ಟವರಾದರಾ? ಯಾರೂ ಹಾಗೆ ಹೇಳುವುದಿಲ್ಲ. ಆದರೆ ಜರ್ನಲ್‌ನ ಅಂಕಿಯನ್ನು ನೋಡಿ ಪೇಪರ್‌ಗೆ ಮಾರ್ಕು ಹಾಕುವ ಸಮಿತಿ ಪ್ರತಿ ಸಲ ಮಾಡುವುದು ಇದನ್ನೇ.

ಇದೊಂದು ಅಪರೂಪದ ಪ್ರಸಂಗ, ದೊಡ್ಡ ಜರ್ನಲ್‌ಗಳಲ್ಲಿ ಹೀಗಾಗುವುದಿಲ್ಲ ಎಂದು ವಾದಿಸುವವರಿದ್ದಾರೆ. 2016ರಲ್ಲಿ ಹೊರಬಂದ ಒಂದು ವಿಶ್ಲೇಷಣೆ ನೋಡಿ. ನೇಚರ್ ಪತ್ರಿಕೆಯ 2015ರ ಇಂಪ್ಯಾಕ್ಟ್ ಫ್ಯಾಕ್ಟರ್ 38ರ ಮೇಲಿತ್ತು. ಆ ಲೆಕ್ಕಕ್ಕೆ ಬಂದ ಲೇಖನಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಅಷ್ಟು ಸೈಟೇಶನ್ ಬಂದೇ ಇರಲಿಲ್ಲ.

ಹಾಗಾಗಿ ನಿಯಮ ಒಂದೇ. ಜರ್ನಲ್ ತರಿಸುವಾಗ, ಎಲ್ಲಿಗೆ ಪೇಪರ್ ಕಳಿಸಬೇಕು ಎಂದು ಯೋಚಿಸುವಾಗ ಇಂಪ್ಯಾಕ್ಟ್ ಫ್ಯಾಕ್ಟರ್, ಜರ್ನಲ್‌ಗಳನ್ನೇ ಅಳೆಯುವ ಸೈಟ್‌ಸ್ಕೋರ್, ಎಸ್‌ಜೆಆರ್, ಸ್ನಿಪ್ ಎಲ್ಲ ನೋಡಿ. ವ್ಯಕ್ತಿಯ ಅರ್ಜಿಯ ಮುಂದೆ ಇವುಗಳ ಕಾಲಂ ಇದ್ದರೆ ಅದನ್ನು ತೆಗೆದುಹಾಕಿ. ಸಂಶೋಧನೆಯನ್ನು ಅಳೆಯುವ ಬಗ್ಗೆ ಬಂದ 2012ರ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ, ಅಂದರೆ ಎಲ್ಲರೂ ಡೋರಾ ಎನ್ನುವ ಘೋಷಣೆ ಹೇಳುವುದೂ ಇದನ್ನೇ. ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯಗಳ ಸಂಶೋಧನೆಯನ್ನು ತೂಗುವ ರಾಷ್ಟ್ರೀಯ ಪರಿಶೀಲನೆಯಲ್ಲೂ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಬಳಸಬಾರದು ಎಂದು ಪರಿಶೀಲಕರಿಗೆ ಸ್ಪಷ್ಟವಾಗಿ ಹೇಳಲಾಗಿದೆ.

ಹಂತ 4: ಎಚ್-ಇಂಡೆಕ್ಸ್ ಎಲ್ಲಿಂದ ಬಂತು ಎಂದು ಬಿಚ್ಚಿ ನೋಡಿ

ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಇದನ್ನು ಮುಂದಿಟ್ಟರು. ಜನಪ್ರಿಯ ಆಗಲು ಕಾರಣವೂ ಇದೆ: ಪೇಪರ್ ಎಷ್ಟು, ಸೈಟೇಶನ್ ಎಷ್ಟು ಎಂಬ ಎರಡನ್ನೂ ಒಂದೇ ಅಂಕಿಯಲ್ಲಿ ಹಿಡಿಯುತ್ತದೆ. ಪೇಪರ್‌ಗಳನ್ನು ಸೈಟೇಶನ್ ಇಳಿಕೆಯ ಕ್ರಮದಲ್ಲಿ ಬರೆಯಿರಿ. ಮೇಲಿನಿಂದ ಎಣಿಸುತ್ತ ಬನ್ನಿ. ಆರನೇ ಪೇಪರ್‌ಗೆ ಕನಿಷ್ಠ 6 ಸೈಟೇಶನ್ ಇದೆ, ಏಳನೆಯದಕ್ಕೆ 7 ಇಲ್ಲ ಎಂದರೆ ಎಚ್-ಇಂಡೆಕ್ಸ್ 6.

ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯವರ ಪೇಪರ್‌ಗಳಿಗೆ ಬಂದ ಸೈಟೇಶನ್‌ಗಳು: 48, 33, 21, 9, 7, 6, 2, 0. ಎರಡನೆಯವರದ್ದು: 900, 410, 7, 7, 6, 6, 3. ಇಬ್ಬರ ಎಚ್-ಇಂಡೆಕ್ಸೂ 6. ಒಟ್ಟು ಸೈಟೇಶನ್ ಮಾತ್ರ ಒಬ್ಬರಿಗೆ 126, ಇನ್ನೊಬ್ಬರಿಗೆ 1,339. ಈ ಇಬ್ಬರೂ ಒಂದೇ ಎಂದು ಎಚ್-ಇಂಡೆಕ್ಸ್ ಹೇಳುತ್ತಿದೆ. ಒಟ್ಟು ಸೈಟೇಶನ್ ನೋಡಿದರೆ ಎರಡನೆಯವರು ಹತ್ತು ಪಟ್ಟು ಮೇಲೆ. ಎರಡನ್ನೂ ನಂಬಬೇಡಿ. ಆ 900 ಮತ್ತು 410ರ ಪೇಪರ್‌ಗಳನ್ನು ತೆಗೆದು ನೋಡಿ. ಅವು ಇವರದೇ ಯೋಚನೆಯಿಂದ ಹುಟ್ಟಿದವೋ, ಇನ್ನೂರು ಜನರ ತಂಡದಲ್ಲಿ ಇವರೂ ಒಬ್ಬರಾಗಿದ್ದರೋ? ಆ ಉತ್ತರದ ಮೇಲೆ ಇಡೀ ಚಿತ್ರ ಬದಲಾಗುತ್ತದೆ. ಅಂಕಿ ಪ್ರಶ್ನೆ ಎತ್ತಲಿ ಎಂದದ್ದು ಇದಕ್ಕೇ.

ಎಚ್-ಇಂಡೆಕ್ಸ್ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಕೆಲಸ ಬಿಟ್ಟು ಕೂತವರದ್ದೂ ಏರುತ್ತಲೇ ಇರುತ್ತದೆ. ಹಾಗಾಗಿ ವಯಸ್ಸಾದವರ ಪರ ಇದು ವಾಲುತ್ತದೆ. ಇಪ್ಪತ್ತು ವರ್ಷ ದುಡಿದವರನ್ನೂ ಐದು ವರ್ಷದ ಹಿಂದೆ ಪಿಎಚ್‌.ಡಿ. ಮುಗಿಸಿದವರನ್ನೂ ಇದರ ಮೇಲೆ ಸಾಲಾಗಿ ನಿಲ್ಲಿಸುವುದು ಸರಿಯಲ್ಲ. ಹಿರ್ಶ್ ಅವರೇ ಎಚ್-ಇಂಡೆಕ್ಸನ್ನು ಸಂಶೋಧನೆಯ ವರ್ಷಗಳಿಂದ ಭಾಗಿಸಿ ನೋಡುವ ದಾರಿಯನ್ನೂ ಸೂಚಿಸಿದ್ದರು. ಹಾಗೆ ಭಾಗಿಸುವುದಾದರೆ ಹೆರಿಗೆ, ಕಾಯಿಲೆ, ಮನೆಯವರ ಆರೈಕೆ ಎಂದು ಬಿಟ್ಟ ವರ್ಷಗಳನ್ನು ಕಳೆಯಲು ಮರೆಯಬೇಡಿ. ಈ ಮಾಹಿತಿ ಕೊಡಲು ಅರ್ಜಿಯಲ್ಲೇ ಒಂದು ಜಾಗ ಇರಲಿ, ಕೊಡಲೇಬೇಕೆಂಬ ಒತ್ತಾಯ ಬೇಡ.

ಜಿ-ಇಂಡೆಕ್ಸ್, ಐ10-ಇಂಡೆಕ್ಸ್ ಎಂದು ಇನ್ನೂ ಹತ್ತಾರು ಇವೆ. ಒಂದೊಂದೂ ಎಚ್-ಇಂಡೆಕ್ಸ್‌ನ ಒಂದು ಕೊರತೆ ತುಂಬಿಸಿ ಇನ್ನೊಂದು ಕೊರತೆ ತರುತ್ತದೆ. ಅವುಗಳ ಹಿಂದೆ ಸಮಯ ಕಳೆಯುವ ಬದಲು ಸೈಟೇಶನ್‌ಗಳ ಪೂರ್ತಿ ಸಾಲನ್ನೇ ಕಣ್ಣಾರೆ ನೋಡಿ. ಎರಡು ನಿಮಿಷದ ಕೆಲಸ, ತಿಳಿಯುವುದು ಜಾಸ್ತಿ.

ಹಂತ 5: ವಿಷಯ ಮತ್ತು ಕಾಲಕ್ಕೆ ತಕ್ಕಂತೆ ಹೋಲಿಸಿ

ಜೀವವಿಜ್ಞಾನದ ಒಂದು ಪೇಪರ್‌ನ ಕೊನೆಗೆ ಐವತ್ತು, ಅರವತ್ತು ಆಕರಗಳಿರುವುದು ಸಾಮಾನ್ಯ. ಗಣಿತದಲ್ಲಿ ಅದರ ಅರ್ಧವೂ ಇರುವುದಿಲ್ಲ. ಅಲ್ಲಿ ಪೇಪರ್ ಪ್ರಕಟ ಆಗುವುದೂ ನಿಧಾನ, ಉಲ್ಲೇಖ ಬರುವುದೂ ನಿಧಾನ. ಹೀಗಿರುವಾಗ ಗಣಿತದ 20 ಸೈಟೇಶನ್ ಮತ್ತು ಕ್ಯಾನ್ಸರ್ ಸಂಶೋಧನೆಯ 20 ಸೈಟೇಶನ್ ಒಂದೇ ಆಗಲು ಸಾಧ್ಯವೇ ಇಲ್ಲ. ಒಂದೇ ವಿಭಾಗದ ಒಳಗೂ ಈ ವ್ಯತ್ಯಾಸ ಇರುತ್ತದೆ. ಭೌತವಿಜ್ಞಾನದಲ್ಲಿ ಸಿದ್ಧಾಂತದ ಕೆಲಸ ಮಾಡುವವರು ಬೇರೆ, ದೊಡ್ಡ ಪ್ರಯೋಗಗಳಲ್ಲಿರುವವರು ಬೇರೆ.

ಇದನ್ನು ಸರಿದೂಗಿಸಲು ಎರಡು ದಾರಿ. ಒಂದು, ಅದೇ ವಿಷಯದಲ್ಲಿ ಅದೇ ವರ್ಷ ಬಂದ ಅದೇ ಬಗೆಯ ಲೇಖನಗಳ ಸರಾಸರಿಗೆ ಹೋಲಿಸುವುದು. ಸ್ಕೋಪಸ್‌ನ ಎಫ್‌ಡಬ್ಲ್ಯೂಸಿಐ ಈ ಬಗೆಯದ್ದು. ಅದು 1 ಇದ್ದರೆ ಜಗತ್ತಿನ ಸರಾಸರಿ, 1.5 ಇದ್ದರೆ ಸರಾಸರಿಗಿಂತ ಶೇ. 50 ಜಾಸ್ತಿ. ಇನ್ನೊಂದು, ಪರ್ಸೆಂಟೈಲ್. ಈ ಪೇಪರ್ ತನ್ನ ವಿಷಯದಲ್ಲಿ ತನ್ನ ವರ್ಷದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಶೇ. 10ರ ಒಳಗೆ ಇದೆಯೇ ಎಂದು ನೋಡುವುದು. ನನ್ನ ಒಲವು ಪರ್ಸೆಂಟೈಲ್ ಕಡೆಗೆ. ಒಂದೇ ಒಂದು ಪೇಪರ್ ಇಡೀ ಸರಾಸರಿಯನ್ನು ಎಳೆದುಕೊಂಡು ಹೋಗುವ ತೊಂದರೆ ಅಲ್ಲಿಲ್ಲ. ಪೇಪರ್‌ಗಳ ಸಂಖ್ಯೆ ಕಡಿಮೆ ಇದ್ದರೆ ಎಫ್‌ಡಬ್ಲ್ಯೂಸಿಐ ಸುಮ್ನೆ ಏರಿಳಿಯುತ್ತದೆ. ಒಂದು ವಿಭಾಗದ ಐನೂರು ಪೇಪರ್‌ಗಳಿಗೆ ಅದು ಅರ್ಥ ಕೊಡುತ್ತದೆ, ಒಬ್ಬರ ಎಂಟು ಪೇಪರ್‌ಗಳಿಗೆ ಕೊಡುವುದಿಲ್ಲ.

ಕಾಲದ ಮಾತಿಗೆ ಬಂದರೆ, ಕಳೆದ ಎರಡು ವರ್ಷಗಳಲ್ಲಿ ಬಂದ ಪೇಪರ್‌ಗಳ ಸೈಟೇಶನ್ ನೋಡಲೇಬೇಡಿ. ಆ ಕಾಲಂ ಖಾಲಿ ಇರಲಿ. ಅವುಗಳನ್ನು ಓದಿಯೇ ತಿಳಿಯಬೇಕು. ಕೆಲವು ಕೆಲಸಗಳಿಗೆ ಎರಡು ವರ್ಷವಲ್ಲ, ಇಪ್ಪತ್ತು ವರ್ಷವೂ ಸಾಲದು. ಬಟಾಣಿ ಗಿಡಗಳ ಮೇಲೆ ಗ್ರೆಗರ್ ಮೆಂಡೆಲ್ ಮಾಡಿದ ಪ್ರಯೋಗಗಳ ಲೇಖನ 1866ರಲ್ಲಿ ಅಚ್ಚಾಯಿತು. ಅದರ ಬೆಲೆ ಜಗತ್ತಿಗೆ ತಿಳಿದದ್ದು 1900ರಲ್ಲಿ. ಅಷ್ಟರಲ್ಲಿ ಮೆಂಡೆಲ್ ತೀರಿಕೊಂಡು ಹದಿನಾರು ವರ್ಷ ಆಗಿತ್ತು. ಹೀಗೆ ಬಹಳ ವರ್ಷ ಯಾರ ಕಣ್ಣಿಗೂ ಬೀಳದೆ ಆಮೇಲೆ ಎಚ್ಚರಗೊಳ್ಳುವ ಪೇಪರ್‌ಗಳನ್ನು ಸಂಶೋಧಕರು 'ಮಲಗಿದ ಸುಂದರಿ' ಎಂದೇ ಕರೆಯುತ್ತಾರೆ.

ಹಂತ 6: ಸೈಟೇಶನ್ ಯಾಕೆ ಬಂತು ಎಂದು ಕೇಳಿ

ಸೈಟೇಶನ್ ಎಂದರೆ ಹೊಗಳಿಕೆ ಎಂದುಕೊಳ್ಳುವುದು ಸಹಜ. ಆದರೆ ಒಂದು ಪೇಪರನ್ನು ಹತ್ತು ಕಾರಣಕ್ಕೆ ಉಲ್ಲೇಖಿಸುತ್ತಾರೆ. ವಿಧಾನ ಬಳಸಿದ್ದಕ್ಕೆ, ಹಿನ್ನೆಲೆ ಹೇಳುವುದಕ್ಕೆ, ತಪ್ಪು ಎಂದು ತೋರಿಸುವುದಕ್ಕೆ, ಪರಿಶೀಲಕರು ಸೇರಿಸಿ ಎಂದು ಒತ್ತಾಯಿಸಿದ್ದಕ್ಕೆ.

ಇದಕ್ಕೆ ತೀರಾ ಕಹಿಯಾದ ಉದಾಹರಣೆ, ಮಕ್ಕಳಿಗೆ ಹಾಕುವ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ನಂಟಿದೆ ಎಂಬ ಭಯ ಹುಟ್ಟಿಸಿದ ಆಂಡ್ರ್ಯೂ ವೇಕ್‌ಫೀಲ್ಡ್ ಅವರ ಪೇಪರ್. ದಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 1998ರಲ್ಲಿ ಬಂತು. 2010ರಲ್ಲಿ ಪತ್ರಿಕೆ ಅದನ್ನು ಪೂರ್ತಿ ವಾಪಸ್ ಪಡೆಯಿತು. ಅದಕ್ಕೆ ಬಂದ ಸೈಟೇಶನ್‌ಗಳು ಸಾವಿರಕ್ಕೂ ಮೇಲೆ, ಬಹುಪಾಲು ಅದು ತಪ್ಪು ಎಂದು ಹೇಳುವಂಥವು. ಲೆಕ್ಕದ ಯಂತ್ರಕ್ಕೆ ಅದೂ ಒಂದು ಸೈಟೇಶನ್, ಇದೂ ಒಂದು ಸೈಟೇಶನ್. ಇನ್ನೊಂದು ತುದಿಯಲ್ಲಿ ಆಲಿವರ್ ಲೌರಿ ಮತ್ತು ಜೊತೆಗಾರರ 1951ರ ಪೇಪರ್. ದ್ರಾವಣದಲ್ಲಿ ಎಷ್ಟು ಪ್ರೋಟೀನ್ ಇದೆ ಎಂದು ಅಳೆಯುವ ವಿಧಾನ ಅದು. ವಿಜ್ಞಾನದ ಇತಿಹಾಸದಲ್ಲೇ ಅತಿ ಹೆಚ್ಚು ಉಲ್ಲೇಖಗೊಂಡ ಪೇಪರ್‌ಗಳ ಪಟ್ಟಿಯ ಮೇಲ್ತುದಿಯಲ್ಲಿದೆ, ಸೈಟೇಶನ್‌ಗಳು ಮೂರು ಲಕ್ಷ ದಾಟಿವೆ. ಎಲ್ಲ ಪ್ರಯೋಗಾಲಯಗಳಲ್ಲೂ ಕೆಲಸಕ್ಕೆ ಬರುವ ವಿಧಾನ, ಹಾಗಾಗಿ ಉಲ್ಲೇಖವೂ ಅಷ್ಟು. ಡಿಎನ್ಎ ರಚನೆ ತಿಳಿಸಿದ ಪೇಪರ್ ಈ ಎಣಿಕೆಯಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ.

ಹಾಗಾಗಿ ಅರ್ಜಿದಾರರ ಅತಿ ಹೆಚ್ಚು ಸೈಟೇಶನ್‌ನ ಎರಡು ಮೂರು ಪೇಪರ್‌ಗಳನ್ನು ಆರಿಸಿ. ಅವುಗಳನ್ನು ಉಲ್ಲೇಖಿಸಿದ ಐದಾರು ಪೇಪರ್ ತೆರೆದು, ಆ ಸಾಲು ಎಲ್ಲಿ ಬಂದಿದೆ ಎಂದು ನೋಡಿ. ಪೀಠಿಕೆಯಲ್ಲಿ ಬೇರೆ ಹತ್ತು ಪೇಪರ್‌ಗಳ ಜೊತೆ ಗುಂಪಿನಲ್ಲಿ ಬಂದಿದೆಯೇ? ಅಥವಾ "ಇವರ ವಿಧಾನವನ್ನು ನಾವು ಬಳಸಿದೆವು" ಎಂದಿದೆಯೇ? ಅರ್ಧ ಗಂಟೆಯಲ್ಲಿ ಗೊತ್ತಾಗುವಷ್ಟು ಯಾವ ಅಂಕಿಯಿಂದಲೂ ಗೊತ್ತಾಗುವುದಿಲ್ಲ. ಪೇಪರ್ ವಿಮರ್ಶಾ ಲೇಖನವಾ ಎಂದೂ ನೋಡಿ, ಅವಕ್ಕೆ ಸಹಜವಾಗಿಯೇ ಉಲ್ಲೇಖ ಜಾಸ್ತಿ.

ತಮ್ಮದೇ ಪೇಪರನ್ನು ತಾವೇ ಉಲ್ಲೇಖಿಸುವುದನ್ನು ಅಪರಾಧದಂತೆ ನೋಡಬೇಡಿ. ಒಂದೇ ವಿಷಯದ ಮೇಲೆ ಹತ್ತು ವರ್ಷ ಕೆಲಸ ಮಾಡಿದವರು ಹಿಂದಿನ ಕೆಲಸವನ್ನು ಹೇಳದೆ ಮುಂದಿನದನ್ನು ಬರೆಯಲು ಆಗುವುದಿಲ್ಲ. ಆದರೆ ಒಟ್ಟು ಉಲ್ಲೇಖಗಳಲ್ಲಿ ದೊಡ್ಡ ಪಾಲು ತಮ್ಮದೇ ಬಳಗದಿಂದ ಬಂದಿದ್ದರೆ ಕಾರಣ ಕೇಳಿ.

ಹಂತ 7: ಯಾರು ಏನು ಮಾಡಿದರು?

2015ರಲ್ಲಿ ಹಿಗ್ಸ್ ಬೋಸಾನ್ ಎಂಬ ಮೂಲಕಣದ ದ್ರವ್ಯರಾಶಿ ಅಳೆದ ಪೇಪರ್‌ನಲ್ಲಿ 5,154 ಲೇಖಕರ ಹೆಸರಿತ್ತು. 33 ಪುಟಗಳಲ್ಲಿ 24 ಪುಟ ಲೇಖಕರು ಮತ್ತು ಅವರ ಸಂಸ್ಥೆಗಳ ಪಟ್ಟಿಗೇ ಹೋಯಿತು. ಆ ಪೇಪರ್‌ನ ಒಂದೊಂದು ಸೈಟೇಶನ್ನೂ 5,154 ಜನರ ಖಾತೆಗೂ ಪೂರ್ತಿ ಸೇರುತ್ತದೆ. ಅದೇ ಹೊತ್ತಿಗೆ ಒಬ್ಬರೇ ಮೂರು ವರ್ಷ ಕೂತು ಬಿಡಿಸಿದ ಗಣಿತದ ಪ್ರಮೇಯಕ್ಕೂ ಅಷ್ಟೇ ತೂಕ. ಹೆಸರಿನ ಕ್ರಮ ನೋಡಿ ತೀರ್ಮಾನಿಸೋಣ ಎಂದರೆ ಅದೂ ಎಲ್ಲ ಕಡೆ ಒಂದೇ ಅಲ್ಲ. ಜೀವವಿಜ್ಞಾನದಲ್ಲಿ ಮೊದಲ ಹೆಸರು ಕೆಲಸ ಮಾಡಿದವರದ್ದು, ಕೊನೆಯದು ಪ್ರಯೋಗಾಲಯದ ಮುಖ್ಯಸ್ಥರದ್ದು. ಗಣಿತ, ಅರ್ಥಶಾಸ್ತ್ರ, ಕಣ ಭೌತವಿಜ್ಞಾನದಲ್ಲಿ ಅಕ್ಷರ ಕ್ರಮವೇ ಜಾಸ್ತಿ. ಅಲ್ಲಿ ಹೆಸರು ಕೊನೆಯಲ್ಲಿದೆ ಎಂದು ಮಾರ್ಕು ಕಡಿಮೆ ಮಾಡಿದರೆ ಅದು ಅವರ ಹೆಸರಿನ ಮೊದಲ ಅಕ್ಷರಕ್ಕೆ ಕೊಟ್ಟ ಶಿಕ್ಷೆ.

ನೇರ ದಾರಿ ಎಂದರೆ ಕೇಳುವುದು. ಮುಖ್ಯ ಪೇಪರ್‌ಗಳ ಎದುರು "ಇದರಲ್ಲಿ ನಿಮ್ಮ ಪಾಲು ಏನು?" ಎಂದು ಎರಡು ಮೂರು ಸಾಲು ಬರೆಸಿಕೊಳ್ಳಿ. ಈಗ ಅನೇಕ ಜರ್ನಲ್‌ಗಳು ಕ್ರೆಡಿಟ್ ಎಂಬ 14 ಪಾತ್ರಗಳ ಪಟ್ಟಿ ಬಳಸುತ್ತವೆ. ಯೋಚನೆ ಯಾರದ್ದು, ತಂತ್ರಾಂಶ ಬರೆದವರು ಯಾರು, ದತ್ತಾಂಶ ನೋಡಿಕೊಂಡವರು ಯಾರು, ಹಣ ತಂದವರು ಯಾರು ಎಂದು ಪೇಪರ್‌ನ ಕೊನೆಯಲ್ಲೇ ಇರುತ್ತದೆ. ಅರ್ಜಿಯ ಮಾತನ್ನು ಅದಕ್ಕೆ ತಾಳೆ ನೋಡಬಹುದು.

ಹಂತ 8: ಅಂಕಿ ತಿರುಚಿದ್ದರೆ ಗುರುತಿಸಿ

ಅಂಕಿಗೆ ಕೆಲಸ, ಬಡ್ತಿ, ಹಣ ಕಟ್ಟಿಹಾಕಿದ ಕೂಡಲೇ ಜನ ಅಂಕಿಯ ಹಿಂದೆ ಓಡುತ್ತಾರೆ. ಯಾವ ಅಳತೆಯನ್ನು ಗುರಿ ಮಾಡುತ್ತೇವೋ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂಬ ಮಾತು ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿನಲ್ಲಿ ಚಾಲ್ತಿಯಲ್ಲಿದೆ. ಸಂಶೋಧನೆಯಲ್ಲಿ ಇದು ಕಣ್ಣೆದುರೇ ಆಗಿದೆ.

ಅಂಕಿ ಉಬ್ಬಿಸುವುದು ಎಷ್ಟು ಸುಲಭ ಎಂದು ತೋರಿಸಲು 2010ರಲ್ಲಿ ಫ್ರಾನ್ಸ್‌ನ ಕಂಪ್ಯೂಟರ್ ವಿಜ್ಞಾನಿ ಸಿರಿಲ್ ಲಾಬೆ, ಐಕ್ ಆಂಟ್‌ಕೇರ್ ಎಂಬ ಇಲ್ಲದ ವ್ಯಕ್ತಿಯನ್ನು ಹುಟ್ಟುಹಾಕಿದರು. ಕಂಪ್ಯೂಟರ್ ತಾನಾಗಿ ಬರೆದ ಅರ್ಥವಿಲ್ಲದ ನೂರು ಪೇಪರ್‌ಗಳು, ಒಂದಕ್ಕೊಂದು ಉಲ್ಲೇಖ. ಅಷ್ಟಕ್ಕೇ ಗೂಗಲ್ ಸ್ಕಾಲರ್ ಲೆಕ್ಕದಲ್ಲಿ ಎಚ್-ಇಂಡೆಕ್ಸ್ 94 ಆಯಿತು. ಅದು ಪ್ರಯೋಗ. ನಿಜವಾಗಿ ನಡೆದದ್ದೂ ಇದೆ. ಪೇಪರ್ ಬರೆದು ಮಾರುವ ಜಾಲಗಳು ಬಯಲಾದ ಮೇಲೆ ಹಿಂದಾವಿ ಪ್ರಕಾಶನದ ಜರ್ನಲ್‌ಗಳಿಂದ 2023ರ ಒಂದೇ ವರ್ಷದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಪೇಪರ್‌ಗಳನ್ನು ವಾಪಸ್ ಪಡೆಯಬೇಕಾಯಿತು. ಅದೇ ವರ್ಷ ವೆಬ್ ಆಫ್ ಸೈನ್ಸ್ ತನ್ನ ಪಟ್ಟಿಯಿಂದ ಹತ್ತಾರು ಜರ್ನಲ್‌ಗಳನ್ನು ತೆಗೆದುಹಾಕಿತು.

ಸಮಿತಿಯವರು ಪತ್ತೇದಾರಿ ಮಾಡಬೇಕಿಲ್ಲ, ಕೆಲವನ್ನು ನೋಡಿದರೆ ಸಾಕು. ಮುಖ್ಯ ಪೇಪರ್‌ಗಳ ಡಿಒಐಯನ್ನು (ಪ್ರತಿ ಪೇಪರ್‌ಗೂ ಇರುವ ಗುರುತು ಸಂಖ್ಯೆ) ವಾಪಸಾದ ಪೇಪರ್‌ಗಳನ್ನು ದಾಖಲಿಸುವ ರಿಟ್ರಾಕ್ಷನ್ ವಾಚ್ ದತ್ತಾಂಶದಲ್ಲಿ ಹುಡುಕಿ. 2023ರಿಂದ ಅದು ಡಿಒಐ ನೋಂದಾಯಿಸುವ ಸಂಸ್ಥೆ ಕ್ರಾಸ್‌ರೆಫ್ ಮೂಲಕ ಎಲ್ಲರಿಗೂ ಉಚಿತ. ಪೇಪರ್ ವಾಪಸಾಗಿದ್ದರೆ ಕಾರಣ ಓದಿ. ತಾವೇ ತಪ್ಪು ಕಂಡು ವಾಪಸ್ ಪಡೆದವರನ್ನು ಮೋಸ ಮಾಡಿದವರ ಸಾಲಿಗೆ ಸೇರಿಸಬೇಡಿ, ಅವರದು ಪ್ರಾಮಾಣಿಕ ಕೆಲಸ. ಸೈಟೇಶನ್ ಒಂದೇ ವರ್ಷದಲ್ಲಿ ದಿಢೀರ್ ಎಂದು ಏರಿದ್ದರೆ, ಅವು ಯಾವ ಜರ್ನಲ್‌ಗಳಿಂದ ಬಂದವು ಎಂದು ನೋಡಿ. ಇನ್ನು ಜರ್ನಲ್‌ನ ಮುಖಪುಟದಲ್ಲಿ ದೊಡ್ಡದಾಗಿ ಹಾಕಿಕೊಂಡ 'ಇಂಪ್ಯಾಕ್ಟ್ ಫ್ಯಾಕ್ಟರ್' ನಂಬುವ ಮೊದಲು ಅದು ಇಂಪ್ಯಾಕ್ಟ್ ಫ್ಯಾಕ್ಟರ್ ಪ್ರಕಟಿಸುವ ಕ್ಲಾರಿವೇಟ್ ಸಂಸ್ಥೆಯ ಜರ್ನಲ್ ಸೈಟೇಶನ್ ರಿಪೋರ್ಟ್ಸ್‌ನಲ್ಲಿ ಇದೆಯೇ ನೋಡಿ. ಹಣ ತೆಗೆದುಕೊಂಡು ಅದೇ ಥರದ ಹೆಸರಿನ ಅಂಕಿ ಕೊಡುವ ಸಂಸ್ಥೆಗಳು ಇವೆ.

ಮಾಧ್ಯಮ ಮತ್ತು ಸಾಮಾಜಿಕ ಜಾಲತಾಣಗಳ ಚರ್ಚೆಯನ್ನು ಎಣಿಸುವ ಆಲ್ಟ್‌ಮೆಟ್ರಿಕ್ಸ್ ಅಂಕಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಮನ ಎಷ್ಟು ಸಿಕ್ಕಿತು ಎಂದು ತಿಳಿಯಲು ಸರಿ. ಸರ್ಕಾರಿ ನೀತಿಗಳಲ್ಲಿ, ವೈದ್ಯಕೀಯ ಮಾರ್ಗಸೂಚಿಗಳಲ್ಲಿ ಪೇಪರ್ ಬಳಕೆಯಾಗಿದ್ದರೆ ಆ ಮಾಹಿತಿ ಮಾತ್ರ ಬೆಲೆಯುಳ್ಳದ್ದು.

ಹಂತ 9: ಐದು ಪೇಪರ್ ಕೇಳಿ, ಓದಿ

ಇಷ್ಟೆಲ್ಲ ಆದ ಮೇಲೂ ಓದುವ ಕೆಲಸ ಉಳಿದೇ ಇರುತ್ತದೆ. ಅದಕ್ಕೆ ಸಮಯ ಮಾಡಿಕೊಳ್ಳುವುದು ಹೇಗೆ? ಪಟ್ಟಿಯನ್ನು ಚಿಕ್ಕದು ಮಾಡುವ ಮೂಲಕ. ಜರ್ಮನಿಯ ಸಂಶೋಧನಾ ಪ್ರತಿಷ್ಠಾನ ಡಿಎಫ್‌ಜಿ 2010ರಲ್ಲೇ ಅರ್ಜಿಯಲ್ಲಿ ತೋರಿಸಬಹುದಾದ ಪೇಪರ್‌ಗಳಿಗೆ ಮಿತಿ ಹಾಕಿತು. ನೀವೂ ಅರ್ಜಿದಾರರಿಗೆ ಹೇಳಿ: ನಿಮ್ಮ ಅತ್ಯುತ್ತಮ ಕೆಲಸಗಳಲ್ಲಿ ಐದನ್ನು ಮಾತ್ರ ಕೊಡಿ, ಒಂದೊಂದಕ್ಕೂ ಅದು ಯಾಕೆ ಮುಖ್ಯ ಎಂದು ನಾಲ್ಕು ಸಾಲು ಬರೆಯಿರಿ. ಪೇಪರೇ ಆಗಬೇಕಿಲ್ಲ. ಪುಸ್ತಕ, ದತ್ತಾಂಶ, ತಂತ್ರಾಂಶ ಯಾವುದಾದರೂ ಸರಿ. ಹೀಗೆ ಮಾಡಿದರೆ ಒಂದೇ ಕೆಲಸವನ್ನು ಐದು ತುಂಡು ಮಾಡಿ ಐದು ಪೇಪರ್ ಮಾಡುವ ಅಭ್ಯಾಸಕ್ಕೂ ಲಾಭ ಉಳಿಯುವುದಿಲ್ಲ.

ಹಿಗ್ಸ್ ಬೋಸಾನ್‌ಗೆ ಯಾರ ಹೆಸರು ಇಟ್ಟಿದ್ದಾರೋ ಆ ಪೀಟರ್ ಹಿಗ್ಸ್, ಅದಕ್ಕೆ ಕಾರಣವಾದ 1964ರ ಪೇಪರ್‌ಗಳ ನಂತರ ಹತ್ತಕ್ಕಿಂತ ಕಡಿಮೆ ಪೇಪರ್ ಬರೆದರು. ಈಗಿನ ಕಾಲದಲ್ಲಾಗಿದ್ದರೆ ತಮಗೆ ವಿಶ್ವವಿದ್ಯಾಲಯದಲ್ಲಿ ಕೆಲಸವೇ ಸಿಗುತ್ತಿರಲಿಲ್ಲ ಎಂದು 2013ರಲ್ಲಿ ನೊಬೆಲ್ ಬಂದ ವರ್ಷ ಅವರೇ ಹೇಳಿದ್ದರು. ಅಂಥವರನ್ನು ನಿಮ್ಮ ಸಮಿತಿ ಹೊರಗೆ ಕಳಿಸಬಾರದು ಅಲ್ವಾ? ಹಾಗಿದ್ದರೆ ಓದಲೇಬೇಕು.

ಓದುವಾಗ ಒಂದು ಕ್ರಮ ಇರಲಿ. ಪ್ರತಿ ಅರ್ಜಿಯನ್ನು ಇಬ್ಬರು ಓದಲಿ, ಅದರಲ್ಲಿ ಒಬ್ಬರಾದರೂ ಆ ವಿಷಯ ಬಲ್ಲವರಿರಲಿ. ಓದಿದ ಅಭಿಪ್ರಾಯ ಬರೆದಿಟ್ಟ ಮೇಲೆಯೇ ಅಂಕಿಗಳ ಹಾಳೆ ಅವರ ಕೈಗೆ ಹೋಗಲಿ. ಮೊದಲೇ ಅಂಕಿ ನೋಡಿದರೆ ಓದು ಅದರ ಕಡೆಗೇ ವಾಲುತ್ತದೆ. ಅಭಿಪ್ರಾಯಕ್ಕೂ ಅಂಕಿಗೂ ಹೊಂದಿಕೆ ಆಗದ ಅರ್ಜಿಗಳನ್ನು ಪಕ್ಕಕ್ಕೆ ಎತ್ತಿಡಿ. ಸಭೆಯ ಹೆಚ್ಚಿನ ಸಮಯ ಅವಕ್ಕೇ ಹೋಗಲಿ. ಓದಿದವರು ಮೆಚ್ಚಿದ್ದಾರೆ, ಸೈಟೇಶನ್ ಇಲ್ಲ: ವಿಷಯ ಚಿಕ್ಕದಾ, ಕೆಲಸ ಹೊಸದಾ, ಬೇರೆ ಭಾಷೆಯಲ್ಲಿದೆಯಾ? ಸೈಟೇಶನ್ ಇದೆ, ಓದಿದವರಿಗೆ ಹಿಡಿಸಿಲ್ಲ: ಓದಿದವರಿಗೆ ವಿಷಯ ಗೊತ್ತಿಲ್ಲವಾ, ಅಥವಾ ಅಂಕಿಯೇ ಉಬ್ಬಿದೆಯಾ?

ಹಂತ 10: ವರದಿ ಮತ್ತು ಅರ್ಜಿದಾರರ ಹಕ್ಕು

ಬಳಸಿದ ಪ್ರತಿ ಅಂಕಿಯ ಮೂಲ, ತಾರೀಖು, ಯಾಕೆ ಬಳಸಿದಿರಿ ಎಂಬುದು ವರದಿಯಲ್ಲಿರಲಿ. ದಶಾಂಶದ ಮೇಲೆ ಜಗಳ ಬೇಡ. 2.314ಕ್ಕೂ 2.298ಕ್ಕೂ ನಡುವೆ ಅರ್ಥವಿರುವ ವ್ಯತ್ಯಾಸ ಏನೂ ಇಲ್ಲ. ಕ್ಲಾರಿವೇಟ್ ಕೂಡ 2023ರಿಂದ ಇಂಪ್ಯಾಕ್ಟ್ ಫ್ಯಾಕ್ಟರನ್ನು ಮೂರು ದಶಾಂಶದ ಬದಲು ಒಂದೇ ದಶಾಂಶದಲ್ಲಿ ಕೊಡುತ್ತಿದೆ. ಎಲ್ಲ ಅಂಕಿಗಳನ್ನೂ ಕೂಡಿಸಿ ಒಂದೇ ಮಾರ್ಕು ಮಾಡಬೇಡಿ. ಎಷ್ಟು ಭಾಗ ಎಚ್-ಇಂಡೆಕ್ಸ್‌ಗೆ, ಎಷ್ಟು ಭಾಗ ಪೇಪರ್ ಸಂಖ್ಯೆಗೆ ಎಂದು ಯಾರೋ ಮನಸ್ಸಿಗೆ ಬಂದಂತೆ ಹಾಕಿದ ತೂಕವೇ ಕೊನೆಗೆ ಫಲಿತಾಂಶ ನಿರ್ಧರಿಸಿಬಿಡುತ್ತದೆ.

ಸಭೆಗೆ ಮೊದಲೇ ಪ್ರತಿ ಅರ್ಜಿದಾರರಿಗೂ ಅವರ ಅಂಕಿಗಳ ಹಾಳೆ ಕಳಿಸಿ, ತಿದ್ದಲು ಒಂದು ವಾರ ಕೊಡಿ. ಸಂಶೋಧನೆ ಅಳೆಯುವಾಗ ಅಂಕಿಗಳನ್ನು ಹೇಗೆ ಬಳಸಬೇಕು ಎಂದು ಹೇಳುವ 2015ರ ಲೈಡನ್ ಮ್ಯಾನಿಫೆಸ್ಟೋದ ಹತ್ತು ಸೂತ್ರಗಳಲ್ಲಿ ಇದೂ ಒಂದು: ಯಾರನ್ನು ಅಳೆಯುತ್ತೀರೋ ಅವರಿಗೆ ದತ್ತಾಂಶ ಪರಿಶೀಲಿಸುವ ಅವಕಾಶ ಇರಬೇಕು. ಬಿಟ್ಟುಹೋದ ಪೇಪರ್, ಬೇರೆಯವರ ಜೊತೆ ಕಲಸಿಹೋದ ಪ್ರೊಫೈಲ್, ಲೆಕ್ಕಕ್ಕೆ ಬಾರದ ಪುಸ್ತಕ – ಇವೆಲ್ಲ ಅವರ ಕಣ್ಣಿಗೇ ಮೊದಲು ಬೀಳುವುದು. ತಿದ್ದುಪಡಿ ಬಂದರೆ ಹೊಸ ತಾರೀಖು ಹಾಕಿ ಹಾಳೆಯನ್ನು ಹೊಸದಾಗಿ ತೆಗೆಯಿರಿ. ಹಳೆಯದನ್ನೂ ಕಡತದಲ್ಲಿ ಇಟ್ಟಿರಿ. ಆಯ್ಕೆಯಾಗದವರು ಕಾರಣ ಕೇಳಿದರೆ, ಅವರ ಐದು ಕೆಲಸಗಳ ಬಗ್ಗೆ ಓದಿದವರು ಬರೆದ ಅಭಿಪ್ರಾಯದಿಂದಲೇ ಉತ್ತರ ಕೊಡಿ.